ಮೀನಿನ ಕಣ್ಣು

ಹಾನಗಲ್ಲಿನ ಜುಲೈ ಮಳೆ ಬಗ್ಗೆ ಬೆಂಗಳೂರಿನವರಿಗೆ ಹೇಳಿ ಪ್ರಯೋಜನ ಇಲ್ಲ. ಅಲ್ಲಿ ಮಳೆ ಸಂಜೆ ಬರುತ್ತೆ, ಸಿಲ್ಕ್ ಬೋರ್ಡಿನಲ್ಲಿ ಟ್ರಾಫಿಕ್ ನಿಲ್ಲಿಸುತ್ತೆ, ಹೋಗುತ್ತೆ. ನಮ್ಮಲ್ಲಿ ಅದು ಬ್ಯಾಗು ಸಮೇತ ಬಂದ ನೆಂಟ. ಹಪ್ಪಳ ಮೆತ್ತಗಾಗುತ್ತೆ, ಕದ ಉಬ್ಬಿಕೊಳ್ಳುತ್ತೆ. ಅಂಥ ತಿಂಗಳಲ್ಲಿ ನಾನು ವರ್ಕ್ ಫ್ರಮ್ ಹೋಮ್ ಹೆಸರಲ್ಲಿ ಊರಿಗೆ ಬಂದು, ಆರು ಲ್ಯೂರುಗಳಿಗೆ ಇಪಾಕ್ಸಿ ಹಚ್ಚಲು ಕೂತೆ.

ಲ್ಯೂರ್ ಅಂದ್ರೆ ಸುಳ್ಳು ಮೀನು. ಬೆರಳುದ್ದದ ಕಟ್ಟಿಗೆ, ಬಣ್ಣ, ಎರಡು ಗಾಳ. ನೀರಲ್ಲಿ ಎಳೆದರೆ ಒದ್ದಾಡಬೇಕು, ಅದನ್ನ ನೋಡಿ ಮುರೆಲ್ ಮೀನು ಸಿಟ್ಟಿಗೇಳಬೇಕು. ಅಪ್ಪ ಬಡಿಗತನ ಬಿಟ್ಟ ಮೇಲೆ ಮೂಲೇಲಿ ಬಿದ್ದಿದ್ದ ಶಿವನಿ ಕಟ್ಟಿಗೆಯ ತುಂಡುಗಳಲ್ಲಿ ಕೆತ್ತಿದ್ದೆ. ಹಗುರ, ಕೆತ್ತೋಕೆ ಸುಲಭ. ಸಾಗವಾನಿ ಬೇಡ, ಅದರೊಳಗಿನ ಎಣ್ಣೆ ಇಪಾಕ್ಸಿಯನ್ನ ಸರಿಯಾಗಿ ಹಿಡಿಯೋಕೆ ಬಿಡಲ್ಲ. ಆಫೀಸಿನ ಮೂವರು ತಲಾ ಎರಡು ಹೇಳಿದ್ದರು. ಒಂದಕ್ಕೆ ಒಂಬೈನೂರು. ದುಡ್ಡು ಆಗಲೇ ಯುಪಿಐನಲ್ಲಿ ಬಂದು, ಖರ್ಚೂ ಆಗಿತ್ತು.

ಕೆಟ್ಟ ಮೈಕ್ರೋವೇವಿನ ತಟ್ಟೆ ತಿರುಗಿಸೋ ಮೋಟಾರಿಗೆ ಲ್ಯೂರುಗಳನ್ನ ಕಟ್ಟಿದ್ದೆ. ನಿಮಿಷಕ್ಕೆ ಐದಾರು ಸುತ್ತು. ಹಾಗೆ ತಿರುಗುತ್ತಿದ್ದರೆ ಅಂಟು ಇಳಿದು ಹೊಟ್ಟೆ ಕೆಳಗೆ ಹನಿ ಕಟ್ಟಲ್ಲ. ಅಪ್ಪ ಅದನ್ನ ನೋಡ್ತಾ ನಿಂತು, 'ತಾರಕೇಶ್ವರ ಗುಡಿ ಕಂಬಾನೂ ಹಿಂಗ ತಿರುಗಿಸೇ ನುಣುಪು ಮಾಡ್ಯಾರ' ಅಂದ. ಹೊಗಳಿದನೋ ಅಣಕಿಸಿದನೋ ಗೊತ್ತಾಗಲಿಲ್ಲ.

ಬೆಳಿಗ್ಗೆ ನೋಡಿದರೆ ಮೂರು ಬಗೆಯ ಅನಾಹುತ.

ಮೊದಲನೆಯದು, ಮೈಮೇಲೆ ಸಣ್ಣ ಸಣ್ಣ ಕುಳಿ. ಅಂಟು ಅಲ್ಲಿಂದ ಹಿಂದೆ ಸರಿದು ದುಂಡಗೆ ನಿಂತಿತ್ತು. ಇದಕ್ಕೆ ಹೆಸರೇ ಫಿಶ್ ಐ, ಮೀನಿನ ಕಣ್ಣು. ನನ್ನ ಮೀನಿಗೆ ಬಾಲದ ಹತ್ತಿರ ಏಳು ಕಣ್ಣು! ಕಾರಣ ಜಿಡ್ಡು. ಹಿಂದಿನ ಸಂಜೆ ಮಿರ್ಚಿ ಮಂಡಕ್ಕಿ ತಿಂದು, ಕೈಯನ್ನ ಪ್ಯಾಂಟಿಗೆ ಒರೆಸಿಕೊಂಡು ಲ್ಯೂರು ಮುಟ್ಟಿದ್ದೆ. ಕುಳಿ ಇದ್ದಲ್ಲಿ ಹಾಗೇ ಇನ್ನೊಂದು ಪದರ ಸುರಿದರೆ ಅದೂ ಹಿಂದೆ ಸರಿಯುತ್ತೆ. ಸ್ಪಿರಿಟ್ಟಿನಲ್ಲಿ ಒರೆಸಿ, ಹೊಳಪು ಸಾಯೋ ತನಕ ಸ್ಯಾಂಡ್ ಪೇಪರ್ ಉಜ್ಜಿ, ಪುಡಿ ತೆಗೆದು, ಗ್ಲೌಸ್ ಹಾಕಿಕೊಂಡು ಮತ್ತೆ ಹಚ್ಚಬೇಕು. ಉಜ್ಜುವಾಗ ಮಾಸ್ಕ್ ಇರಲಿ, ಆ ಪುಡಿ ಒಳ್ಳೇದಲ್ಲ.

ಎರಡನೆಯದು, ಮುಟ್ಟಿದರೆ ಮೇಣದಂಥ ಪೊರೆ. ಇದು ಮಳೆಯ ಕೈವಾಡ. ಗಟ್ಟಿ ಮಾಡೋ ದ್ರವ ಗಾಳಿಯಲ್ಲಿನ ತೇವದ ಜೊತೆ ಸೇರಿ ಮೇಲೆ ಜಿಡ್ಡಾಗಿ ಕೂರುತ್ತೆ. ಗಾಬರಿಯಲ್ಲಿ ಮೊದಲೇ ಉಜ್ಜಿದರೆ ಜಿಡ್ಡು ಎಲ್ಲ ಕಡೆ ಹರಡುತ್ತೆ. ಉಗುರುಬೆಚ್ಚಗಿನ ನೀರು, ಒಂದಿಷ್ಟು ಸೋಪು ಸಾಕು, ತೊಳೆದರೆ ಹೋಗುತ್ತೆ. ಉಜ್ಜೋದು ಆಮೇಲೆ.

ಮೂರನೆಯದು ಕಷ್ಟದ್ದು. ಎರಡು ಲ್ಯೂರುಗಳ ಒಂದು ಮಗ್ಗುಲು ಒಣಗೇ ಇರಲಿಲ್ಲ. ಉಗುರು ಊರಿದರೆ ಗುರುತು ಬೀಳುತ್ತಿತ್ತು. ಮೂರು ಎಂಎಲ್ಲಿಗೆ ಮೂರು ಎಂಎಲ್ ಸಿರಿಂಜಿನಲ್ಲೇ ಅಳೆದಿದ್ದೆ, ಆದರೆ ಕಲಸೋವಾಗ ಸ್ಟ್ಯಾಂಡ್ ಅಪ್ ಕಾಲ್ ನಡೀತಿತ್ತು. ಕಪ್ಪಿನ ಗೋಡೆಗೆ ಅಂಟಿದ ಅರೆಬರೆ ಕಲಸಿದ್ದನ್ನೂ ಕೆರೆದು ಹಚ್ಚಿಬಿಟ್ಟಿದ್ದೆ. ಇದು ವಾರ ಕಾದರೂ ಒಣಗಲ್ಲ. ಪೂರ್ತಿ ಕೆರೆದು ತೆಗೀಬೇಕು, ಅದರ ಜೊತೆ ಕೆಳಗಿನ ಬಣ್ಣವೂ ಹೋಗುತ್ತೆ. ಎರಡು ವಾರದ ಕೆಲಸ.

ಅಥವಾ ಮೇಲೊಂದು ಒಳ್ಳೆಯ ಪದರ ಹಚ್ಚಿ ಮುಚ್ಚಬಹುದು.

ಮುಚ್ಚಿದೆ. ನಾಲ್ಕನ್ನು ಪ್ರಾಮಾಣಿಕವಾಗಿ ರಿಪೇರಿ ಮಾಡಿ, ಎರಡನ್ನು ಮುಚ್ಚಿದೆ. ಆರನ್ನೂ ಡಬ್ಬಿಯಲ್ಲಿಟ್ಟು ಬೈಕಿನಲ್ಲಿ ಸವಣೂರಿನ ಅಕ್ಕನ ಮನೆಗೆ ಒಯ್ದೆ. ಅಲ್ಲಿ ಮಳೆ ನಮ್ಮಷ್ಟಿಲ್ಲ, ಗಾಳಿ ಒಣ. ದಾರೀಲಿ ಶಿಗ್ಗಾಂವಿಯಲ್ಲಿ ನಿಂತು ಸ್ಯಾಂಡ್ ಪೇಪರ್ ಕೊಂಡೆ. ಸವಣೂರಿನಲ್ಲಿ ಕಪಾಟಿನೊಳಗೆ ಒಂದು ಬಲ್ಬ್ ಹಾಕಿ ಲ್ಯೂರು ತೂಗುಬಿಟ್ಟು, ಮಠದ ದೊಡ್ಡಹುಣಸೆ ಮರಗಳನ್ನ ನೋಡೋಕೆ ಹೋದೆ. ಆಫ್ರಿಕಾ ಮೂಲದ ಬಾವೊಬಾಬ್, ಒಂದೊಂದೂ ಒಂದು ಕೋಣೆಯಷ್ಟು ದಪ್ಪ. ಚಿಕ್ಕವನಿದ್ದಾಗ ಅದರ ತೊಗಟೆ ಮುಟ್ಟಿದರೆ ಆನೆ ಮುಟ್ಟಿದಂಗೆ ಅನ್ನಿಸ್ತಿತ್ತು, ಈಗಲೂ ಹಾಗೇ.

ಮೂರು ದಿನಕ್ಕೆ ಆರೂ ಗಾಜಿನಂತೆ ಹೊಳೀತಿದ್ದವು. ತಂದು ಅಪ್ಪನ ಕೈಗೆ ಕೊಟ್ಟೆ. ಅವನಿಗೆ ಕಣ್ಣಲ್ಲಿ ಪೊರೆ ಬಂದಿದೆ, ಆಪರೇಷನ್ನಿಗೆ ಒಪ್ಪುತ್ತಿಲ್ಲ. ಒಂದೊಂದನ್ನೇ ಹೆಬ್ಬೆರಳಲ್ಲಿ ಸವರಿದ. ಐದನೆಯದಕ್ಕೆ ಬೆರಳು ನಿಂತಿತು. ಮೆಲ್ಲಗೆ ಒತ್ತಿದ.

'ಇದು ಒಳಗ ಹಸೀನ ಐತಿ.'

'ಮ್ಯಾಲೆ ಗಟ್ಟಿ ಐತಲ್ಲಪ್ಪ. ಯಾರಿಗೆ ಗೊತ್ತಾಗತೈತಿ?'

ಬೈತಾನೆ ಅಂದುಕೊಂಡೆ. ಬೈಯಲಿಲ್ಲ. ತನ್ನ ಕಥೆ ಹೇಳಿದ. ನಾನು ಹುಟ್ಟಿದ ವರ್ಷ, ಹಿರೇಕೆರೂರಿನ ಒಂದು ಮನೆಗೆ ಮದುವೆ ಮಂಚ ಮಾಡಿದ್ದನಂತೆ. ಇಂಥದೇ ಮಳೆ. ಫ್ರೆಂಚ್ ಪಾಲಿಶ್ ಅಂದ್ರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಅದಕ್ಕೂ ತೇವ ಆಗಲ್ಲ, ಬಿಳಿಚಿಕೊಳ್ಳುತ್ತೆ. ತಲೆ ಕಡೆಯ ಹಲಗೆ ಅಷ್ಟೂ ಬೆಳ್ಳಗಾಯ್ತು. ಮದುವೆ ನಾಡಿದ್ದು. ನನ್ನ ಬಾಣಂತನಕ್ಕೆ ದುಡ್ಡು ಬೇಕಿತ್ತು. ಮೇಲೆ ಎಣ್ಣೆ ಸವರಿ, ಹೊಳಪು ಬರಿಸಿ, ಪೂರ್ತಿ ದುಡ್ಡು ಎಣಿಸಿಕೊಂಡು ಬಂದ. 'ಆಮೇಲೆ ಆ ಓಣಿಗೆ ಹೋಗಿಲ್ಲ' ಅಂದ.

ಆವತ್ತು ರಾತ್ರಿ ಎರಡನ್ನೂ ಬರಿ ಕಟ್ಟಿಗೆ ಕಾಣೋ ತನಕ ಕೆರೆದೆ. ಆಫೀಸಿನವರಿಗೆ ತಡವಾಗುತ್ತೆ ಅಂತ ಮೆಸೇಜು ಹಾಕಿದೆ. ಒಬ್ಬ ಥಂಬ್ಸ್ ಅಪ್ ಕಳಿಸಿದ, ಇನ್ನೊಬ್ಬ ದುಡ್ಡು ವಾಪಸ್ ಕೇಳಿದ, ಕಳಿಸಿದೆ. ಈ ಸಲ ಒಂದು ಕಪ್ಪಿನಲ್ಲಿ ಕಲಸಿ, ಇನ್ನೊಂದು ಕಪ್ಪಿಗೆ ಸುರಿದು ಮತ್ತೆ ಕಲಸಿದೆ, ಗೋಡೆಗೆ ಅಂಟಿದ್ದನ್ನ ಮುಟ್ಟಲಿಲ್ಲ. ಫೋನು ಅಡುಗೆಮನೆಯಲ್ಲಿತ್ತು.

ಮಳೆ ಬಿಟ್ಟ ಒಂದು ಭಾನುವಾರ ಅಪ್ಪನನ್ನ ಕೂರಿಸಿಕೊಂಡು ಹಿರೇಕೆರೂರು ಕಡೆಯ ಮಡಗ ಮಾಸೂರು ಕೆರೆಗೆ ಹೋದೆ. ಎರಡು ಗುಡ್ಡದ ನಡುವೆ ಕುಮುದ್ವತಿಗೆ ಏರಿ ಕಟ್ಟಿದ ಕೆರೆ. ಮೀನಿನ ಗುತ್ತಿಗೆಯವರನ್ನ ಕೇಳಿ, ದಡದಲ್ಲಿ ನಿಂತು ಎಸೆದೆ. ಐದನೆಯ ಲ್ಯೂರು ಚೆನ್ನಾಗಿ ಒದ್ದಾಡಿತು. ಮುರೆಲ್ ಒಂದು ಸಲ ಬಡಿದು ಬಿಟ್ಟುಹೋಯ್ತು. ಮೈಮೇಲೆ ಹಲ್ಲಿನ ಗೀರು ಬಿದ್ದಿತ್ತು, ಪದರ ಎದ್ದಿರಲಿಲ್ಲ. ಅಪ್ಪ ಆ ಗೀರನ್ನ ಬಹಳ ಹೊತ್ತು ಸವರುತ್ತ ಕೂತಿದ್ದ.

ವಾಪಸ್ ಬರುವಾಗ ಹಿರೇಕೆರೂರಿನಲ್ಲಿ ಚಹಾಕ್ಕೆ ನಿಂತೆವು. ಅವನು ಎದ್ದು ಹೊರಟ, ನಾನು ಹಿಂದೆ. ಆ ಓಣಿಯಲ್ಲಿ ಹಳೇ ಮನೆ ಇನ್ನೂ ಇತ್ತು. ಬಾಗಿಲು ತೆರೆದ ಹೆಂಗಸು ನಮ್ಮ ಗುರುತು ಹಿಡಿಯಲಿಲ್ಲ, ಮಂಚ ಅಂದ ಕೂಡಲೇ ಹಿಡಿದಳು. ಒಳಕೋಣೆಯಲ್ಲಿ ಅದರ ತಲೆಹಲಗೆಗೆ ಮಡಚಿದ ಕೌದಿ ಹೊದಿಸಿದ್ದರು. ಅಪ್ಪ ಕೌದಿ ಸರಿಸಿ, ಕಣ್ಣು ಹತ್ತಿರ ಒಯ್ದು, ಹೆಬ್ಬೆರಳಿಂದ ಅಡ್ಡಡ್ಡ ಸವರಿದ. ಬಿಳಿ ಹಾಗೇ ಇತ್ತು.

'ಸ್ಪಿರಿಟ್ ಐತೇನ ನಿನ್ನ ಚೀಲದಾಗ?' ಅಂದ.

ಇತ್ತು. ಅರಿವೆ ತುಂಡೊಂದು ಕೊಡಿ ಅಂತ ಆಕೆಯನ್ನ ಕೇಳಿದೆ.