ಹಳೆಯ ನೆಗೆಟಿವ್‌ಗಳೂ ಒಂದು ಕಪ್ಪು ಗೆರೆಯೂ

ಹಿರಿಯರು ಬಿಟ್ಟುಹೋದ ವಸ್ತುಗಳಲ್ಲಿ ಹೊಲದ ಕಾಗದಪತ್ರಗಳಿಗೂ ಒಡವೆಗಳಿಗೂ ದೊರೆಯುವ ಜೋಪಾನವು ಫೋಟೋದ ನೆಗೆಟಿವ್‌ಗಳಿಗೆ ದೊರೆಯುವುದಿಲ್ಲ. ಗೋಡೆಯ ಮೇಲಿನ ಚಿತ್ರಕ್ಕೆ ಕಟ್ಟು ಹಾಕಿಸಿ ಹಬ್ಬಹುಣ್ಣಿಮೆಗೆ ಒರೆಸಿ ಹೂವಿಡುತ್ತೇವೆ. ಆ ಚಿತ್ರ ಯಾವುದರಿಂದ ಹುಟ್ಟಿತೋ ಆ ಕಪ್ಪು ಪಟ್ಟಿ ಮಾತ್ರ ಟ್ರಂಕಿನ ತಳದಲ್ಲಿ, ಹಳೆಯ ಪಂಚಾಂಗಗಳ ಕೆಳಗೆ ಸುರುಳಿಯಾಗಿ ಬಿದ್ದಿರುತ್ತದೆ. ಕಟ್ಟು ಹಾಕಿಸಿದ ಚಿತ್ರಕ್ಕೆ ಗೆದ್ದಲು ಹಿಡಿದ ದಿನ ಮನೆಯವರಿಗೆ ಅದರ ನೆನಪಾಗುತ್ತದೆ.

ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ನಮ್ಮ ಮಾವನವರು ಧಾರವಾಡದ ಕಡೆಯ ಹಳ್ಳಿಗಳಲ್ಲಿ ಶಾಲಾ ಮಾಸ್ತರರಾಗಿದ್ದವರು. ಸಂಬಳದಲ್ಲಿ ಉಳಿಸಿ ಮುಂಬಯಿಯಿಂದ ತರಿಸಿದ ಎರಡು ಮಸೂರದ ಕ್ಯಾಮರಾ ಅವರ ಏಕೈಕ ಶೋಕಿ. ಜಾತ್ರೆ, ಮದುವೆ, ಶಾಲೆಯ ವಾರ್ಷಿಕೋತ್ಸವ, ಸುಗ್ಗಿಯ ಕಣ ಎಲ್ಲವನ್ನೂ ತೆಗೆದಿದ್ದಾರೆ. ಅವರ ಹಿರಿಯ ಮಗಳು, ಅಂದರೆ ನನ್ನ ಯಜಮಾನರ ಅಕ್ಕ, 1964ರಲ್ಲಿ ನಾಲ್ಕು ವರ್ಷದವಳಿದ್ದಾಗ ಜ್ವರದಿಂದ ತೀರಿಕೊಂಡಳು. ಆ ಮಗುವಿನ ಒಂದೇ ಒಂದು ಚಿತ್ರವಿತ್ತು. ಅದನ್ನು ಗೆದ್ದಲು ತಿಂದು ಬಹಳ ಕಾಲವಾಗಿದೆ. ಅತ್ತೆಯವರಿಗೆ ಈಗ 89 ವರ್ಷ. ಕಣ್ಣಿನ ಪರದೆಯ ನಡುಭಾಗ ಸವೆದು ನೇರ ನೋಟ ಹೋಗಿದೆ, ಅಂಚಿನ ನೋಟ ಮಾತ್ರ ಉಳಿದಿದೆ. ಟ್ರಂಕಿನಲ್ಲಿ ನೆಗೆಟಿವ್ ದೊರೆತ ಸುದ್ದಿ ತಿಳಿಸಿದಾಗ ಅವರು ಹೇಳಿದ್ದು ಇಷ್ಟೇ: “ಚಿತ್ರ ಚಂದ ಆಗೂದು ಬ್ಯಾಡವ್ವಾ, ಕೂಸಿನ ಮಾರಿ ಒಂದು ಕಂಡ್ರ ಸಾಕು.”

ಈ ನೆಗೆಟಿವ್‌ಗಳ ಬಗ್ಗೆ ಒಂದೆರಡು ಮಾತು ಹೇಳಬೇಕು. ಇವು ಬಹುಜನರಿಗೆ ಪರಿಚಿತವಾದ 35 ಮಿಲಿಮೀಟರ್ ರೀಲುಗಳಲ್ಲ. ಕಾಗದದ ಬೆನ್ನಿನೊಡನೆ ಸುತ್ತಿ ಬರುತ್ತಿದ್ದ, ಸುಮಾರು ಆರು ಸೆಂಟಿಮೀಟರ್ ಅಗಲದ 120 ಎಂಬ ಫಿಲ್ಮು. ಕೊಡಾಕ್ ಕಂಪನಿಯವರು 1901ರಲ್ಲಿ ಹೊರತಂದದ್ದು ಇಂದಿಗೂ ತಯಾರಾಗುತ್ತಿದೆ. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಕ್ಯಾಮರಾ ಎಷ್ಟೋ ಮನೆಗಳಲ್ಲಿತ್ತಷ್ಟೆ, ಅದಕ್ಕೂ ಇದೇ ಫಿಲ್ಮು. ಒಂದು ಸುರುಳಿಗೆ 12 ಚೌಕದ ಚಿತ್ರಗಳು. ಒಂದೊಂದು ಚೌಕದ ವಿಸ್ತೀರ್ಣ 35 ಮಿಲಿಮೀಟರ್ ಫಿಲ್ಮಿನ ಚಿತ್ರಕ್ಕಿಂತ ಮೂರೂವರೆ ಪಟ್ಟಿಗೂ ಮಿಗಿಲು. ಸಾಧಾರಣ ಕ್ಯಾಮರಾದಿಂದ ತೆಗೆದದ್ದಾದರೂ ಅದರಲ್ಲಿ ಅಡಗಿರುವ ವಿವರ ಅಪಾರ.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನು ತಾನು ಬಳಸದೆ ಇಟ್ಟಿದ್ದ ಒಂದು ಫ್ಲಾಟ್‌ಬೆಡ್ ಸ್ಕ್ಯಾನರ್ ಕಳಿಸಿಕೊಟ್ಟನು. ಮುಚ್ಚಳದಲ್ಲಿಯೂ ದೀಪವಿರುವ ಬಗೆಯದು. ನೆಗೆಟಿವ್‌ಗೆ ಆ ಮೇಲಿನ ದೀಪ ಬೇಕೇ ಬೇಕು. ಕಾಗದಪತ್ರ ಮಾತ್ರ ನಕಲು ಮಾಡುವ ಯಂತ್ರದಿಂದ ಈ ಕೆಲಸ ಆಗದು. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಯಂತ್ರದ ಭಯವೇನೂ ಇರಲಿಲ್ಲ. ಆದರೆ ಮೊದಲನೆಯ ಚಿತ್ರ ಪರದೆಯ ಮೇಲೆ ಮೂಡಿದಾಗ ಎದೆ ಝಲ್ಲೆಂದಿತು. ಮಗುವಿನ ಹಣೆಯಿಂದ ಗಲ್ಲದವರೆಗೆ ಕೂದಲಿನಷ್ಟು ಸಣ್ಣನೆಯ ಒಂದು ಕಪ್ಪು ಗೆರೆ ನೇರವಾಗಿ ಇಳಿದಿತ್ತು.

ಪೇಟೆಯ ಒಬ್ಬ ಸ್ಟುಡಿಯೋದವರಿಗೆ ತೋರಿಸಿದೆವು. ಅವರು ನೋಡಿದ ಕೂಡಲೇ, ಇದು ಕ್ಯಾಮರಾದೊಳಗೆ ಫಿಲ್ಮು ಉಜ್ಜಿ ಆದ ಗೀರು, ಏನೂ ಮಾಡಲಾಗದು, ಬೇಕಾದರೆ ಕಂಪ್ಯೂಟರಿನಲ್ಲಿ ಮುಖವನ್ನೇ ಹೊಸದಾಗಿ ತಿದ್ದಿಕೊಡುತ್ತೇವೆ ಎಂದರು. ಅವರ ಊಹೆ ಅಸಂಭವವಾದುದೇನಲ್ಲ. ಕ್ಯಾಮರಾದ ಗೀರುಗಳೂ ಫಿಲ್ಮಿನ ಉದ್ದಕ್ಕೆ ಹೀಗೆಯೇ ನೇರವಾಗಿ ಓಡುತ್ತವೆ. ಆದರೆ ಹೊಸದಾಗಿ ತಿದ್ದಿದ ಮುಖ ಯಾರದು? ಇಂದಿನ ಕಂಪ್ಯೂಟರು ಸಾವಿರಾರು ಮಕ್ಕಳ ಮುಖ ನೋಡಿ ಕಲಿತು ಒಂದು ಮೂಗನ್ನೂ ಎರಡು ತುಟಿಗಳನ್ನೂ ಅಂದವಾಗಿ ಜೋಡಿಸಿಕೊಟ್ಟೀತು. ಅತ್ತೆಯವರ ಮಂದ ದೃಷ್ಟಿಗೆ ವ್ಯತ್ಯಾಸ ತಿಳಿಯದೆಯೂ ಹೋದೀತು. ಅರವತ್ತು ವರ್ಷ ಕಾದ ತಾಯಿಗೆ ಬೇರೆ ಯಾವುದೋ ಮುಖ ತೋರಿಸಿ ಇದು ನಿಮ್ಮ ಮಗಳೆಂದು ಹೇಳಲು ನನ್ನ ಮನಸ್ಸು ಒಪ್ಪಲಿಲ್ಲ.

ಇಲ್ಲಿ ಒಂದು ಸರಳ ಪರೀಕ್ಷೆಯುಂಟು. ವಾಚಕರಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು. ದೋಷ ಕಂಡಾಗ ನೆಗೆಟಿವ್ ಪಟ್ಟಿಯನ್ನು ತಲೆಕೆಳಗಾಗಿ ತಿರುಗಿಸಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಬೇಕು. ಗೆರೆಯು ಮುಖದ ಮೇಲೆಯೇ ಉಳಿದರೆ ದೋಷ ಫಿಲ್ಮಿನದು. ಮುಖವನ್ನು ಬಿಟ್ಟು ಬೇರೆಡೆಗೆ ಸರಿದರೆ ದೋಷ ಯಂತ್ರದ್ದು. ನಾನು ತಿರುಗಿಸಿಟ್ಟೆ. ಮಗುವಿನ ಮುಖ ಸ್ವಚ್ಛವಾಗಿತ್ತು, ಗೆರೆ ಪಕ್ಕದ ತೊಲೆಬಾಗಿಲಿನ ಮೇಲೆ ಹೋಗಿ ನಿಂತಿತ್ತು!

ಹಾಗಿದ್ದರೆ ಗೆರೆ ಹುಟ್ಟಿದ್ದೆಲ್ಲಿ? ಈ ಯಂತ್ರವು ಪ್ರತಿಸಲವೂ ಕೆಲಸ ಆರಂಭಿಸುವ ಮುನ್ನ ಗಾಜಿನ ಒಂದು ತುದಿಯಲ್ಲಿ, ಖಾಲಿ ಜಾಗದ ಮೂಲಕ ತನ್ನ ದೀಪವನ್ನು ತಾನೇ ನೋಡಿಕೊಳ್ಳುತ್ತದೆ. ಸಾಲಾಗಿರುವ ಸಾವಿರಾರು ಸೂಕ್ಷ್ಮ ಕಣ್ಣುಗಳಿಗೆ ಬೆಳಕು ಸಮನಾಗಿ ಕಾಣುವಂತೆ ಅಲ್ಲಿ ಲೆಕ್ಕ ಹಾಕಿಕೊಳ್ಳುತ್ತದೆ. ಆ ಜಾಗದಲ್ಲಿ ಒಂದು ಧೂಳಿನ ಕಣವಿದ್ದರೆ ಆ ಕಣ್ಣಿಗೆ ಬೆಳಕು ಕಡಿಮೆಯೆಂದು ಭ್ರಮಿಸಿ, ಮುಂದೆ ಗಾಜಿನ ಉದ್ದಕ್ಕೂ ಅದಕ್ಕೆ ಹೆಚ್ಚು ಬೆಳಕು ಲೆಕ್ಕ ಹಾಕುತ್ತ ಹೋಗುತ್ತದೆ. ನೆಗೆಟಿವ್‌ನಲ್ಲಿ ಹೆಚ್ಚಾದ ಬೆಳಕು ಚಿತ್ರವನ್ನು ಮಗುಚಿದಾಗ ಕಪ್ಪಾಗುತ್ತದೆ. ಒಂದು ಕಣದಿಂದ ಒಂದು ಗೆರೆ! ಫಿಲ್ಮು ಹಿಡಿಯುವ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಆ ತುದಿಗೆ ಒಂದು ಕಿಂಡಿ ಬಿಟ್ಟಿರುವುದು ಇದಕ್ಕಾಗಿಯೇ. ಅದನ್ನು ಫಿಲ್ಮಿನಿಂದಾಗಲಿ ಕಾಗದದಿಂದಾಗಲಿ ಮುಚ್ಚಕೂಡದು.

ಗಾಜನ್ನೆಲ್ಲ ಒಣಬಟ್ಟೆಯಿಂದ ಒರೆಸಿದರೂ ಗೆರೆ ಹೋಗಲಿಲ್ಲ. ರಾತ್ರಿ ಕೋಣೆಯ ದೀಪವಾರಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ಆ ಕಿಂಡಿಯ ನೇರಕ್ಕೆ ಭೂತಗನ್ನಡಿಯಿಂದ ನೋಡಿದಾಗ ಸಾಸಿವೆಯ ಹತ್ತನೆಯ ಒಂದು ಪಾಲಿನಷ್ಟು ಅಂಟಿನ ಚುಕ್ಕೆ ಕಂಡಿತು. ಐಸೋಪ್ರೊಪೈಲ್ ಆಲ್ಕೊಹಾಲನ್ನು ಮೃದುವಾದ ಬಟ್ಟೆಗೆ ತುಸುವೇ ತಾಗಿಸಿ ಒರೆಸಿದೆ. (ದ್ರವವನ್ನು ಗಾಜಿನ ಮೇಲೆ ನೇರವಾಗಿ ಸಿಂಪಡಿಸಬಾರದು, ಅಂಚಿನಿಂದ ಒಳಗಿಳಿಯುತ್ತದೆ.) ಗೆರೆ ಮಾಯವಾಯಿತು.

ಆದರೂ ಚಿತ್ರ ಸರಿಯಾಗಲಿಲ್ಲ. ಕೆನ್ನೆಯ ಮೇಲೆ ಮೇಣ ಸವರಿದಂತೆ ಏನೋ ನುಣುಪು, ಕಣ್ಣಿನ ಸುತ್ತ ವಿಚಿತ್ರವಾದ ಕಲೆ. ಯಂತ್ರದಲ್ಲಿ ಧೂಳು ತೆಗೆಯುವ ಒಂದು ಸೌಕರ್ಯವಿದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಫಿಲ್ಮಿನ ಮೂಲಕ ಹಾಯಿಸಿ, ಅದನ್ನು ತಡೆದದ್ದೆಲ್ಲ ಧೂಳೆಂದು ತಿಳಿದು ಅಳಿಸುತ್ತದೆ. ಬಣ್ಣದ ನೆಗೆಟಿವ್‌ನಲ್ಲಿ ಚಿತ್ರವಿರುವುದು ವರ್ಣದ್ರವ್ಯದಿಂದ, ಅದು ಈ ಕಿರಣವನ್ನು ತಡೆಯುವುದಿಲ್ಲ; ಅಲ್ಲಿ ಈ ಉಪಾಯ ಬಹಳ ಚೆನ್ನಾಗಿ ನಡೆಯುತ್ತದೆ. ಹಳೆಯ ಕಪ್ಪುಬಿಳುಪು ನೆಗೆಟಿವ್‌ನಲ್ಲಿ ಚಿತ್ರವಿರುವುದು ಬೆಳ್ಳಿಯ ಕಣಗಳಿಂದ. ಬೆಳ್ಳಿಯು ಕಿರಣವನ್ನು ತಡೆಯುತ್ತದೆ. ಪಾಪ, ಯಂತ್ರವು ಮಗುವಿನ ಮುಖವನ್ನೇ ಧೂಳೆಂದು ಬಗೆದು ಅಳಿಸತೊಡಗಿತ್ತು! ಆ ಗುಂಡಿಯನ್ನು ನಿಲ್ಲಿಸಿದೆ. ಧೂಳನ್ನು ಗಾಳಿಯೂದುವ ರಬ್ಬರಿನ ಬುರುಡೆಯಿಂದಲೇ ತೆಗೆಯಬೇಕು. ಬಾಯಿಯಿಂದ ಊದಿದರೆ ಉಗುಳಿನ ಹನಿ ಸಿಡಿಯುತ್ತದೆ.

ಸುರುಳಿಯಾಗಿ ದಶಕಗಟ್ಟಲೆ ಇದ್ದ ಫಿಲ್ಮು ಚಪ್ಪಟೆಯಾಗಿ ಕೂಡುವುದಿಲ್ಲವೆಂಬುದು ಇನ್ನೊಂದು ಪೀಡೆ. ಆರು ಸೆಂಟಿಮೀಟರ್ ಅಗಲವಿರುವುದರಿಂದ ನಡುವೆ ಜೋತು ಗಾಜಿಗೆ ತಗಲುತ್ತದೆ. ತಗಲಿದಲ್ಲಿ ಸೋಪಿನ ಗುಳ್ಳೆಯ ಮೇಲಿನಂತೆ ಬಳೆಬಳೆಯಾಗಿ ಉಂಗುರಗಳು ಮೂಡುತ್ತವೆ. ನ್ಯೂಟನ್ನನ ಉಂಗುರಗಳೆಂದು ಎಷ್ಟು ವರ್ಷ ಕರಿಹಲಗೆಯ ಮೇಲೆ ಬರೆದು ಕಲಿಸಿದ್ದೆನೋ! ನಮ್ಮ ಮನೆಯ ಜಾತ್ರೆಯ ಚಿತ್ರದಲ್ಲಿ, ತೇರಿನ ಕಳಸದ ಸುತ್ತ ಅವು ಪ್ರಭಾವಳಿಯಂತೆ ಪ್ರತ್ಯಕ್ಷವಾದವು. ಫಿಲ್ಮಿನ ಹೊಳೆಯುವ ಬದಿ ಗಾಜಿಗೆ ತಗಲಿದರೆ ಉಂಗುರ ಹೆಚ್ಚು. ಮಂಕಾದ ಬದಿ, ಅಂದರೆ ಬೆಳ್ಳಿಯ ಲೇಪವಿರುವ ಬದಿ, ತಗಲಿದರೆ ಕಡಿಮೆ. ಹಾಗೆ ಕೆಳಮುಖವಾಗಿ ಇಟ್ಟಾಗ ಚಿತ್ರ ಎಡಬಲ ಅದಲುಬದಲಾಗುತ್ತದೆ. ಶಾಲೆಯ ನಾಮಫಲಕದ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಇದ್ದರೆ ಗಾಬರಿಪಡಬೇಕಾಗಿಲ್ಲ, ಕಂಪ್ಯೂಟರಿನಲ್ಲಿ ಮಗುಚಿದರಾಯಿತು. ಶಾಶ್ವತ ಉಪಾಯವೆಂದರೆ ತಾಳ್ಮೆ. ಪಟ್ಟಿಗಳನ್ನು ಆಮ್ಲರಹಿತ ಕಾಗದದ ನಡುವೆ ಇಟ್ಟು ಭಾರವಾದ ಪುಸ್ತಕಗಳ ಕೆಳಗೆ ಎರಡು ಮೂರು ವಾರ ಬಿಟ್ಟೆ. ಬಹುಪಾಲು ನೆಟ್ಟಗಾದವು.

ಚೌಕಟ್ಟಿನ ಎತ್ತರವನ್ನೂ ನೋಡಿಕೊಳ್ಳಬೇಕು. ಈ ಬಗೆಯ ಬಹುತೇಕ ಯಂತ್ರಗಳ ಮಸೂರ ಸ್ಥಿರವಾದುದು, ಗಾಜಿನಿಂದ ಎರಡು ಮೂರು ಮಿಲಿಮೀಟರ್ ಮೇಲೆ ಎಲ್ಲಿಯೋ ಒಂದು ಕಡೆ ಮಾತ್ರ ಚಿತ್ರ ತೀಕ್ಷ್ಣವಾಗಿ ಕಾಣುತ್ತದೆ. ಚೌಕಟ್ಟಿನ ನಾಲ್ಕು ಮೂಲೆಗಳಿಗೂ ಕಾಗದದ ತುಣುಕುಗಳನ್ನು ಒಂದೊಂದಾಗಿ ಏರಿಸುತ್ತ ಅದೇ ನಾಮಫಲಕವನ್ನು ಏಳು ಸಲ ಸ್ಕ್ಯಾನ್ ಮಾಡಿದೆ. ಐದನೆಯದರಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡವು. ಇನ್ನು ಯಂತ್ರದ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಅಂಕಿಗಳಿಗೆ ಮರುಳಾಗಬೇಕಿಲ್ಲ. ಅಂಗುಲಕ್ಕೆ 2400 ಬಿಂದುಗಳಿಗೆ ಮೇಲೆ ಏರಿಸಿದಾಗ ನನ್ನ ಯಂತ್ರದಲ್ಲಿ ಕಡತ ದೊಡ್ಡದಾಯಿತೇ ಹೊರತು ವಿವರ ಹೆಚ್ಚಲಿಲ್ಲ. 2400ರಲ್ಲಿಯೇ ಚೌಕದ ಒಂದು ಬದಿಗೆ ಸುಮಾರು 5300 ಬಿಂದುಗಳಾಗುತ್ತವೆ, 17 ಅಂಗುಲದ ಅಚ್ಚಿಗೆ ಅಷ್ಟು ಧಾರಾಳ.

ನಮ್ಮಂತಹ ಮನೆಗಳವರು ಗಮನಿಸಬೇಕಾದ ಸಂಗತಿಯೊಂದಿದೆ. ಮಾವನವರ ತಂದೆಯವರ ಚಿತ್ರದಲ್ಲಿ ಹಣೆಯ ವಿಭೂತಿ ಕಾಣಲೇ ಇಲ್ಲ. ಹಣೆಯೆಲ್ಲ ಒಂದೇ ಬಿಳುಪು, ರುಮಾಲು ಹಣೆ ಒಂದಾಗಿಬಿಟ್ಟಿದ್ದವು. ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ ಚಿತ್ರ ಥಳಥಳಿಸಲೆಂದು ಬೆಳಕಿನ ತುದಿಗಳನ್ನು ಕತ್ತರಿಸಿಹಾಕುತ್ತದೆ. ವಿಭೂತಿ, ಬಿಳಿಯ ಅಂಗಿ, ಧೋತರದ ನೆರಿಗೆ ಎಲ್ಲವೂ ಆ ತುದಿಯಲ್ಲಿಯೇ ಇರುತ್ತವೆ. ಅದರ ಸ್ವಯಂಚಾಲಿತ ಲೆಕ್ಕವನ್ನು ನಿಲ್ಲಿಸಿ, ಕಪ್ಪು ಬಿಳುಪುಗಳ ಮಿತಿಯನ್ನು ಕೈಯಿಂದಲೇ ಅಗಲಗೊಳಿಸಿ, 16 ಬಿಟ್ ಟಿಫ್ ಕಡತವಾಗಿ ಉಳಿಸಿದಾಗ ಮೂರು ಎಳೆಗಳೂ ಸ್ಪಷ್ಟವಾಗಿ ಮೂಡಿದವು. ಮೊದಲಿಗೆ ಚಿತ್ರ ಸಪ್ಪೆಯಾಗಿ ಕಾಣುತ್ತದೆ. ಅಡ್ಡಿಯಿಲ್ಲ, ಆಮೇಲೆ ತಿದ್ದಬಹುದು. ಕತ್ತರಿಸಿಹೋದ ಬೆಳಕನ್ನು ಮರಳಿ ತರಲಾಗದು.

ಟ್ರಂಕಿನಲ್ಲಿ ಒಟ್ಟು 34 ಸುರುಳಿಗಳಿದ್ದವು. ಕಡೆಯ ಕೆಲವು ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರಖಾನೆಯ ‘ಇಂದು’ ಫಿಲ್ಮುಗಳು. 1960ರಲ್ಲಿ ಸ್ಥಾಪಿತವಾದ ಆ ಕಾರಖಾನೆ ಈಗ ಮುಚ್ಚಿಹೋಗಿದೆ. ಆರು ಸುರುಳಿಗಳಿಂದ ವಿನೆಗರಿನಂತಹ ಹುಳಿ ವಾಸನೆ ಬರುತ್ತಿತ್ತು. ಅದು ಫಿಲ್ಮಿನ ಅಸಿಟೇಟ್ ತಳವೇ ಕೊಳೆಯುವ ರೋಗ. ಒಮ್ಮೆ ಹತ್ತಿದರೆ ಹಿಂದಕ್ಕೆ ಸರಿಯುವುದಿಲ್ಲ, ಹತ್ತಿರದ ಫಿಲ್ಮುಗಳಿಗೂ ಬೇಗ ತಗಲುತ್ತದೆ. ಸೆಕೆ, ತೇವಗಳಲ್ಲಿ ಇನ್ನೂ ಬೇಗ. ಅವನ್ನು ಬೇರ್ಪಡಿಸಿ ಮೊದಲು ಅವುಗಳನ್ನೇ ಸ್ಕ್ಯಾನ್ ಮಾಡಬೇಕು. ಬೂಸ್ಟು ಹತ್ತಿದವನ್ನು ನೀರಿನಲ್ಲಿ ತೊಳೆಯುವ ಹುಮ್ಮಸ್ಸು ಬೇಡ, ಬೂಸ್ಟು ತಿಂದ ಲೇಪ ನೀರಿಗೆ ಕರಗಿ ಚಿತ್ರವೇ ತೊಳೆದುಹೋದೀತು.

ಮಗುವಿನ ಚಿತ್ರವನ್ನು 15 ಅಂಗುಲದ ಚೌಕಕ್ಕೆ ಅಚ್ಚು ಹಾಕಿಸಿ, ಪಡಸಾಲೆಯ ಕಿಟಕಿಯ ಬೆಳಕಿಗೆ ಹಿಡಿದು ಕೊಟ್ಟೆವು. ಅತ್ತೆಯವರು ನೇರವಾಗಿ ನೋಡಲಾರರಷ್ಟೆ. ಮುಖವನ್ನು ಒಂದು ಮಗ್ಗುಲಿಗೆ ತಿರುಗಿಸಿ ಕಣ್ಣಂಚಿನಿಂದ ಬಹಳ ಹೊತ್ತು ನೋಡಿದರು. ಆ ಗೆರೆ ಇಳಿದಿದ್ದ ಜಾಗದ ಮೇಲೆಯೇ ಬೆರಳಿಟ್ಟು, “ಹಣಿ ಮ್ಯಾಲ ಸುಳಿ ಇತ್ತಲ್ಲವ್ವಾ, ಐತಿ ನೋಡು” ಎಂದರು. ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಕೂದಲಿನ ಬುಡದಲ್ಲಿ, ಹಣೆಯ ಎಡಕ್ಕೆ, ಒಂದು ಪುಟ್ಟ ಸುಳಿ.

ಹುಳಿ ವಾಸನೆಯ ಆರೂ ಸುರುಳಿಗಳು ಮುಗಿದಿವೆ. ಉಳಿದವುಗಳಲ್ಲಿ ಹನ್ನೊಂದು ಇನ್ನೂ ಪುಸ್ತಕಗಳ ಕೆಳಗಿವೆ. ಅವುಗಳಲ್ಲಿ ತಮ್ಮ ತವರುಮನೆಯ ಕಣದ ಚಿತ್ರವೊಂದು ಇರಬೇಕೆಂದು ಅತ್ತೆಯವರು ದಿನವೂ ಕೇಳುತ್ತಿದ್ದಾರೆ.