ಬೆರಳು ಬಲ್ಲ ಉಣ್ಣೆ

ಅಂಡಿಗೆಯ ಪಟ್ಟಿ ಕಡಿದ ಕೂಡಲೇ ಒಳಗೆ ಅದುಮಿಟ್ಟಿದ್ದ ಕೋಟುಗಳು ಉಬ್ಬಿ ನಿಮ್ಮ ಮೊಣಕಾಲ ಮೇಲೆ ಕುಸಿಯುತ್ತವೆ. ನುಸಿಗುಳಿಗೆಯ ಘಾಟು ಮೊದಲು ಮೂಗಿಗೆ ಬಡಿಯುತ್ತದೆ, ಅದರ ಹಿಂದೆಯೇ ಯಾರದೋ ಹಳೆಯ ಬೆವರು, ಹಡಗಿನಲ್ಲಿ ಬಂದ ಮುಗ್ಗಲು. ಇದು ಪಾಣಿಪತ್, ದೆಹಲಿಯಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರ್. ಜನವರಿಯ ಮಂಜು ಗೋದಾಮಿನ ಬಾಗಿಲಲ್ಲೇ ನಿಂತಿದೆ. ಸಿಮೆಂಟು ನೆಲದ ಥಂಡಿ ಸೊಂಟದವರೆಗೆ ಏರುತ್ತಿದೆ. ಚಳಿದೇಶದವರು ಬಿಸುಟ ಈ ಕೋಟುಗಳನ್ನು ಮತ್ತೆ ಯಾರೂ ತೊಡದಂತೆ ಅಲ್ಲಲ್ಲಿ ಸೀಳಿಯೇ ಕಳಿಸಿದ್ದಾರೆ.

“ಮುಟ್ಟಿ ನೋಡು, ಬೇಟಾ,” ಅನ್ನುತ್ತಾಳೆ ಪಕ್ಕದ ಹಿರಿಯಾಕೆ. ಕೈಗೆ ಬಂದಿರುವುದು ಕಡುನೀಲಿ ಕೋಟು. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜುತ್ತೀರಿ. ಸಣ್ಣ ತರಿ ಸಿಗುತ್ತದೆ. ಮುದುರಿ ಬಿಟ್ಟರೆ ಮೆಲ್ಲಗೆ ಅರಳುತ್ತದೆ. ಆದರೂ ಅನುಮಾನ. ಒಂದು ಎಳೆ ಕಿತ್ತು ಅಂಗಳಕ್ಕೆ ಹೋಗಿ ಕಡ್ಡಿ ಗೀರುತ್ತೀರಿ. ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು. ಉಣ್ಣೆಯೇ.

ಇನ್ನು ಬಣ್ಣ. ಈ ಕೋಟುಗಳಿಂದ ನೇಯುವ ಕಂಬಳಿಗೆ ಇಲ್ಲಿ ಹೊಸದಾಗಿ ಬಣ್ಣ ಕಟ್ಟುವುದಿಲ್ಲ, ಕೋಟಿನ ನೀಲಿಯೇ ಕಂಬಳಿಯ ನೀಲಿ. ಹಾಗಾಗಿ ಉಳಿಯುವ ನೀರೆಷ್ಟೋ! ಹಿರಿಯಾಕೆ ನೆಟ್ಟಗೆ ನಿಲ್ಲಿಸಿದ ಅಲಗಿನ ಮುಂದೆ, ಈಳಿಗೆಮಣೆಯ ಮುಂದೆ ಕೂತವಳಂತೆ, ಗುಂಡಿ, ಝಿಪ್ಪು, ಅಸ್ತರು ಎಲ್ಲ ಸರಸರ ಕೊಯ್ದು ಬಿಸಾಡುತ್ತಾಳೆ. ನೀವೂ ಕೊಯ್ಯುತ್ತೀರಿ. ಕೋಟು ನೀಲಿ ಗುಡ್ಡಕ್ಕೆ ಹಾರುತ್ತದೆ.

ಪಕ್ಕದ ಷೆಡ್ಡಿನಲ್ಲಿ ನೆಲ ನಡುಗುತ್ತಿದೆ. ಉಕ್ಕಿನ ಮುಳ್ಳು ತುಂಬಿದ ಉರುಳೆ ಗಿರ್ರನೆ ತಿರುಗುತ್ತ ಬಟ್ಟೆಯನ್ನು ಮತ್ತೆ ನಾರಾಗಿ ಹಿಂಜುತ್ತಿದೆ. 1813ರಲ್ಲಿ ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಹಳೆ ಉಣ್ಣೆ ಹಿಂಜಿ ಹೊಸ ಉಣ್ಣೆಯೊಂದಿಗೆ ನೂತದ್ದೇ ಈ ಕಸುಬಿನ ಮೂಲ. ಹೀಗೆ ಹಿಂಜಿದ ಉಣ್ಣೆಗೆ ‘ಶಾಡಿ’ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು. ನೀಲಿ ರಾಶಿ ಯಂತ್ರದ ಬಾಯಿಗೆ ಬೀಳುತ್ತದೆ.

ಟಣ್!

ಕಿಡಿ. ಒಳಜೇಬಿನ ಝಿಪ್ಪು? ನೀವೆಸೆದ ಕೋಟಿನದೇ? ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳದು. ಆದರೆ ತೊಲೆ, ತಂತಿ, ಕಿಟಕಿಗೆಲ್ಲ ಮೆತ್ತಿದ ಧೂಳು ಹಾಗಲ್ಲ. ಯಾರೋ ಕೂಗುತ್ತಾರೆ. ಯಾರೋ ಸ್ವಿಚ್ಚಿಗೆ ಹಾರುತ್ತಾರೆ. ಬಕೆಟ್ ನೀರು, ಇನ್ನೊಂದು ಬಕೆಟ್, ಹೊಗೆ, ಕೆಮ್ಮು. ಉರುಳೆ ನಿಲ್ಲುತ್ತದೆ. ನಿಮ್ಮ ಅಂಗೈ ಬೆವೆತಿದೆ.

ಕೆಮ್ಮು ಮಾತ್ರ ನಿಲ್ಲದು. ಈ ಧೂಳಿಗೆ ದುಪಟ್ಟಾ ಸಾಲದು. ಸರಿಯಾದ ಮುಖಗವಸು ಕೊಡದ ಮಾಲೀಕನಿಗೆ ಮರುಬಳಕೆಯ ಹೆಮ್ಮೆ ಹೇಳಿಕೊಳ್ಳುವ ಹಕ್ಕಿಲ್ಲ ಎಂದೇ ನಾನು ನಂಬಿದ್ದೇನೆ.

ಸಂಜೆ ನಿಮ್ಮನ್ನು ಬೆರಕೆಯ ಕೋಣೆಗೆ ಕಳಿಸುತ್ತಾರೆ. ಹಿಂಜಿದ ಉಣ್ಣೆಯ ಎಳೆ ಗಿಡ್ಡ, ನೂತರೆ ಕಡಿಯುತ್ತದೆ. ಪಾಲಿಯೆಸ್ಟರ್ ಬೆರೆಸಿದರೆ ನೂಲು ಗಟ್ಟಿ. ಆದರೆ ಈ ಕಂಬಳಿ ಹೋಗುವುದು ನೆರೆಯಲ್ಲಿ ಮನೆ ಕಳೆದುಕೊಂಡವರ ಡೇರೆಗೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಯೂ ಮೈಗೆ ಒದ್ದೆ ಅನ್ನಿಸದು. ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಪಾಲಿಯೆಸ್ಟರಿಗೆ ಆ ಗುಣ ಇಲ್ಲವೆನ್ನುವಷ್ಟು ಕಡಿಮೆ. ಪಾಲಿಯೆಸ್ಟರಿನ ಎರಡನೇ ಬುಟ್ಟಿ ನಿಮ್ಮ ಕೈಯಲ್ಲಿದೆ. ಸುರಿದರೆ ಮಗ್ಗ ರಾತ್ರಿಯಿಡೀ ತಡೆಯಿಲ್ಲದೆ ಓಡುತ್ತದೆ.

ಬುಟ್ಟಿ ಕೆಳಗಿಡುತ್ತೀರಿ. ನೂಲು ಕಡಿದಾಗಲೆಲ್ಲ ಗಂಟು ಹಾಕಲು ಒಬ್ಬರು ಬೇಕಾಗುತ್ತದೆ. ಆ ಪಾಳಿಗೆ ನೀವೇ ನಿಲ್ಲುತ್ತೀರಿ.