ಬದಿಯ ಚಂಚಿ

ಧಾರವಾಡದಿಂದ ಅಪ್ಪ ಹಿಂಜವಾಡಿಯ ನಮ್ಮ ಫ್ಲಾಟಿಗೆ ಬಂದಾಗಲೆಲ್ಲ, ರಾತ್ರಿ ಬಚ್ಚಲಿನ ದೀಪ ಎರಡೆರಡು ಸಲ ಹತ್ತುತ್ತಿತ್ತು. ಹೋಗಿ ಬಂದು ಮಲಗಿದ 10 ನಿಮಿಷಕ್ಕೆ ಮತ್ತೆ ಏಳುವರು. ಕೇಳಿದರೆ, "ವಯಸ್ಸಾತಲ್ಲಪಾ, ಹಂಗ ಇರೋದ" ಎಂಬ ಉತ್ತರ. ನಾವೂ ನಂಬಿದೆವು, ನಂಬುವುದು ಸುಲಭವಾಗಿತ್ತು. ವರ್ಷದೊಳಗೆ ಮೂರು ಸಲ ಮೂತ್ರದ ಸೋಂಕಾಗಿ, ಮೂರು ಸಲವೂ ಮಾತ್ರೆಯಲ್ಲೇ ಮುಗಿದಿತ್ತು.

ಕೊನೆಗೆ ಇಲ್ಲಿಯ ಮೂತ್ರರೋಗ ತಜ್ಞೆಯ ಬಳಿ ಕರೆದೊಯ್ದೆವು. ಆಕೆ ಮರಾಠಿಯಲ್ಲಿ "ಲಘವಿ" ಎಂದದ್ದೇ, ಲಘುಶಂಕೆಯ ನಂಟು ಅಪ್ಪನ ಕಿವಿಗೆ ಹತ್ತಿತು. ನಮ್ಮ ದುಭಾಷಿತನ ಬೇಕಾಗಲಿಲ್ಲ. ಮಗ ಸೊಸೆಯರೆದುರು ಕನ್ನಡದಲ್ಲಿ ಎಂದೂ ಆಡದ ಮಾತನ್ನು ಮುರುಕು ಮರಾಠಿಯಲ್ಲಿ ಆಡಿಬಿಟ್ಟರು: ಎರಡನೆಯ ಸಲವೂ ಮೊದಲಿನಷ್ಟೇ ಬರುತ್ತದೆ. ಪರಭಾಷೆಗೆ ನಾಚಿಕೆ ಕಡಿಮೆಯೇನೋ. ವೈದ್ಯೆ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು.

ಮೂತ್ರ ಮಾಡುವ ಮುಂಚೆ ಒಮ್ಮೆ, ಮಾಡಿದ ಮೇಲೊಮ್ಮೆ ಸ್ಕ್ಯಾನಿಂಗ್ ಆಯಿತು. ಬಳಿಕ ಕೊಳವೆಯಿಂದ ಕಾಂಟ್ರಾಸ್ಟ್ ದ್ರವ ತುಂಬಿಸಿ ಎಕ್ಸ್‌ರೇ. ಪ್ರಾಸ್ಟೇಟ್ ಗ್ರಂಥಿ ಊದಿ ದಾರಿಯನ್ನು ಅಡ್ಡಗಟ್ಟಿತ್ತು. ವರ್ಷಗಟ್ಟಲೆ ಮುಕ್ಕಿರಿದ ಮೂತ್ರಕೋಶದ ಒಳಪೊರೆ ಸ್ನಾಯುಗಳ ಸಂದಿನಿಂದ ಹೊರಗುಬ್ಬಿ ಚೀಲವಾಗಿತ್ತು. ಅದಕ್ಕೆ ಡೈವರ್ಟಿಕ್ಯುಲಮ್ ಎಂಬ ಹೆಸರು. ಅಪ್ಪ ಚಿತ್ರ ನೋಡಿ, "ಚೀಲದ ಬದಿಗೊಂದು ಚಂಚಿ" ಎಂದರು. ಎಲೆ ಅಡಿಕೆಯ ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಳಿದವರು! ಈ ಚಂಚಿಗೆ ಹಿಂಡುವ ಸ್ನಾಯುವಿಲ್ಲ. ಮೂತ್ರಕೋಶ ಹಿಂಡಿದಾಗ ಒಂದಿಷ್ಟು ಹೊರಹೋದರೆ ಒಂದಿಷ್ಟು ಅದರೊಳಕ್ಕೆ ನುಗ್ಗಿ, ಆಮೇಲೆ ಮರಳಿ ಕೋಶವನ್ನು ತುಂಬುತ್ತದೆ. ನಿಂತ ಮೂತ್ರದಿಂದಲೇ ಸೋಂಕು, ಕಲ್ಲು.

ದುರ್ಬೀನಿನಿಂದ ಚೀಲದೊಳಗೂ ನೋಡಲೇಬೇಕು ಎಂದರು. ಅಲ್ಲಿ ಗಡ್ಡೆ ಬೆಳೆದರೆ ತಡೆಯಲು ಸ್ನಾಯುವಿನ ಗೋಡೆಯಿಲ್ಲ, ಬೇಗ ಹೊರಗೆ ಹರಡುತ್ತದೆ. ಆ ನಾಲ್ಕು ದಿನ ನಾವಿಬ್ಬರೂ ಲ್ಯಾಪ್‌ಟಾಪಿನ ಮುಂದೆ ಸುಮ್ಮನೆ ಕುಳಿತಿದ್ದೆವು. ಕಿಟಕಿಯಾಚೆ ಕಂಪನಿಯ ಬಸ್ಸುಗಳು ಎಂದಿನಂತೆ ಸಾಲುಗಟ್ಟಿದ್ದವು. ಒಳಗೆ ಗಡ್ಡೆಯಿರಲಿಲ್ಲ.

ಚೀಲವನ್ನು ಕತ್ತರಿಸಿ ತೆಗೆಯಬಹುದು, ಆದರೆ ಅಡ್ಡಿ ಉಳಿದರೆ ತೊಂದರೆಯೂ ಉಳಿಯುತ್ತದೆ. ಆದ್ದರಿಂದ ಮೊದಲು ಪ್ರಾಸ್ಟೇಟನ್ನು ಮೂತ್ರನಾಳದ ಮೂಲಕವೇ ಕೆತ್ತಿ ದಾರಿ ಬಿಡಿಸಿದರು. ಚೀಲ ಸಾಕಷ್ಟು ಖಾಲಿಯಾಗುತ್ತಿದ್ದುದರಿಂದ, ಅದನ್ನು ಸದ್ಯಕ್ಕೆ ಕಾದು ನೋಡೋಣವೆಂದರು. ಆಗಾಗ ಸ್ಕ್ಯಾನಿಂಗ್, ಜೊತೆಗೆ ಒಂದು ಸೂಚನೆ: ಹೋಗಿ ಬಂದು, ತುಸು ತಡೆದು, ಮತ್ತೊಮ್ಮೆ ಹೋಗಬೇಕು.

ಮುಚ್ಚಿಟ್ಟಿದ್ದೇ ಈಗ ಪಥ್ಯ. ಅಪ್ಪ ಧಾರವಾಡಕ್ಕೆ ಮರಳಿದ್ದಾರೆ. ಫೋನಿನಲ್ಲಿ ಸೊಸೆಗೇ ಹೇಳುತ್ತಾರೆ: "ಎರಡೂ ಸಲ ಹೋಗಿ ಬಂದೇನವಾ, ಚಂಚಿ ಖಾಲಿ."